ಎಂಡ ಬಿಟ್ಟೋರ ಕೊಟ್ಟಿಗೆ

ನಾನು ಕೋಟು ಹೊಲಿದು ಹೆಸರು ಮಾಡಿದವನು, ಕೋಟು ಹೊಲಿದೇ ಹೆಸರು ಕೆಡಿಸಿಕೊಂಡವನು. ಬಂಗಾರಪೇಟೆ ಬಜಾರಿನ ಒಂದು ಜವಳಿ ಅಂಗಡಿಯ ಜಗಲಿಯ ಮೇಲೆ ನನ್ನ ಹೊಲಿಗೆ ಮಿಷನ್ ಇತ್ತು. ನಯಾಪೈಸೆ ಹೊಸದಾಗಿ ಬಂದು ಜನ ಆಣೆಯೋ ಪೈಸೆಯೋ ಎಂದು ತಬ್ಬಿಬ್ಬಾಗುತ್ತಿದ್ದ ಕಾಲ. ಸರ್ಕಾರ ಕುಡಿತ ಬೇಡ ಅಂದರೂ ಬೇಕು ಅಂದರೂ ಬೇಕಾದವನಿಗೆ ಅದು ಸಿಗುತ್ತಲೇ ಇತ್ತು, ನನಗಂತೂ ಬೇಕೇ ಬೇಕಾಗಿತ್ತು. ಬೆಳಿಗ್ಗೆ ಒಂದು ಲೋಟ ಹೆಂಡ ಒಳಗಿಳಿಯದೆ ಸೂಜಿಯ ಕಣ್ಣಿಗೆ ದಾರ ಹೋಗುತ್ತಿರಲಿಲ್ಲ. ಇಳಿದ ಮೇಲೆ ದಾರ ಹೋಗುತ್ತಿತ್ತು, ಬುದ್ಧಿ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ.

ಹೆಂಡತಿ ಬಿಟ್ಟುಹೋಗಿ ಆಗಲೇ ಮೂರು ತಿಂಗಳಾಗಿತ್ತು. ನಾನು ಹೊಲಿದ ಬಟ್ಟೆಗೆಲ್ಲ ಕಾಜಾ ಮಾಡುತ್ತಿದ್ದವಳು, ಗುಂಡಿ ಹಾಕುತ್ತಿದ್ದವಳು ಅವಳೇ. ಮಗಳ ಕಿವಿ ಚುಚ್ಚಿಸುವ ದಿನ ನಾನು ಬೆಳಿಗ್ಗೆಯೇ ಕುಡಿದು ಬಂದು, ನೆಂಟರೆಲ್ಲ ಕೂತಿದ್ದಾಗ ಆರತಿ ತಟ್ಟೆಯ ಮೇಲೆ ಬಿದ್ದೆ. ಅವಳು ಮಗುವನ್ನೆತ್ತಿಕೊಂಡು ಕಾಮಸಮುದ್ರದ ಬಸ್ಸು ಹತ್ತಿ ತವರಿಗೆ ಹೋದಳು. ಎರಡು ಸಲ ಹೋಗಿ ಮಗುವಿನ ತಲೆ ಮುಟ್ಟಿ ಆಣೆ ಮಾಡಿದೆ. ಎರಡು ಸಲವೂ ವಾರದೊಳಗೆ ಕುಡಿದೆ, ಆ ಸುದ್ದಿ ನನಗಿಂತ ಮುಂಚೆ ಆ ಊರು ಸೇರಿತು. ಮೂರನೇ ಸಲ ಅವಳು ಬಾಗಿಲನ್ನು ಅರ್ಧ ತೆಗೆದು ಅಲ್ಲಿಂದಲೇ ಹೇಳಿದಳು.

"ಎಂಡ ಬಿಟ್ಟೆ ಅಂತ ಇನ್ಮ್ಯಾಕೆ ನೀನ್ ಬಂದು ಏಳ್ಬ್ಯಾಡ. ಬ್ಯಾರೆಯವ್ರು ಬಂದು ಏಳ್ಲಿ. ಅವತ್ತು ಬತ್ತೀನಿ."

ಬೇರೆಯವರು ಯಾರು? ನನ್ನ ಪರವಾಗಿ ಮಾತಾಡುವವರು ಬಂಗಾರಪೇಟೆಯಲ್ಲಿ ಹೆಂಡದಂಗಡಿಯವನು ಒಬ್ಬನೇ ಇದ್ದ. ಅವನ ಮಾತನ್ನು ಅವಳು ನಂಬುವಂತಿರಲಿಲ್ಲ.

ಅಂಥ ದಿನಗಳಲ್ಲಿ ಆ ಕೋಟು ಬಂತು. ಊರಿಗಾಂನ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ತಮಿಳಿನವರೊಬ್ಬರು, ಐವತ್ತು ದಾಟಿದವರು, ಮಗಳ ಮದುವೆಗೆಂದು ಬೂದು ಬಣ್ಣದ ಬಟ್ಟೆ ತೆಗೆದು ಅಳತೆ ಕೊಟ್ಟುಹೋಗಿದ್ದರು. ಮದುವೆಗೆ ನಾಲ್ಕು ದಿನವಿದ್ದಾಗ ಬಂದು ತೊಟ್ಟು ನೋಡಿದರು. ಎಡಗೈ ಸರಾಗವಾಗಿ ಹೋಯಿತು. ಬಲಗೈಯೂ ಹೋಯಿತು, ಆದರೆ ತೋಳಿನ ಬಾಗು ಮುಂದಕ್ಕೆ ಬರುವ ಬದಲು ಹಿಂದಕ್ಕೆ ತಿರುಗಿ, ಮನುಷ್ಯ ಬೆನ್ನು ಕೆರೆದುಕೊಳ್ಳಲು ಹೊರಟವರ ಹಾಗೆ ನಿಂತುಬಿಟ್ಟರು. ನಾನು ಎರಡೂ ಎಡ ತೋಳುಗಳನ್ನೇ ಕತ್ತರಿಸಿ ಹೊಲಿದಿದ್ದೆ.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ. ಕೋಟನ್ನು ಬಿಚ್ಚಿಟ್ಟು, "ಕೈ ನೀಟು ತಂಬಿ" ಎಂದು ಕೈ ಚಾಚಿಸಿ, ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಕೈ ಅವರ ಅಂಗೈಯೊಳಗೆ ಗಡಗಡ ನಡುಗುತ್ತಿತ್ತು.

"ಈ ಕೈ ನಂಗೆ ಗೊತ್ತು. ನನ್ ಅತ್ರಾನೂ ಇತ್ತು ಇಂಥಾ ಕೈ. ಬಾನುವಾರ ಬಾ ತಂಬಿ. ಊರಿಗಾಂ ಟೇಸನ್ ಅತ್ರ ಎಂಡ ಬಿಟ್ಟೋರ ಕೊಟ್ಟಿಗೆ ಎಲ್ಲಿ ಅಂತ ಕೇಳು, ಯಾರಾದ್ರೂ ತೋರಿಸ್ತಾರೆ."

ನಮ್ಮ ಕಡೆಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೆಂಡ ಎಂಡವಾಗುತ್ತದೆ, ಹೆಂಡ್ರು ಎಂಡ್ರಾಗುತ್ತಾರೆ. ಎರಡರ ನಡುವೆ ಇರುವ ವ್ಯತ್ಯಾಸ ಒಂದು ಚೂರು. ಆ ಚೂರನ್ನು ನನ್ನ ಕಿವಿಯೇ ಸೇರಿಸಿಕೊಂಡಿತು. ಎಂಡ್ರು ಬಿಟ್ಟೋರ ಕೊಟ್ಟಿಗೆ! ಬಜಾರಿನವರು ಬೆನ್ನ ಹಿಂದೆ ನನ್ನನ್ನು ಹೆಂಡ್ರು ಬಿಟ್ಟೋನು ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಈಗ ಊರಿಗಾಂನವರೆಗೂ ಮಾನ ಹೋಯಿತಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

"ಏನ್ರೀ, ನನ್ ಎಂಡ್ರು ಬಿಟ್ಟೋದ್ರೆ ನಿಮಗೇನ್ರೀ ಕಷ್ಟ? ಅಂಥೋರ್ನೆಲ್ಲಾ ಕೊಟ್ಟಿಗೇಲಿ ಕಟ್ಟಾಕ್ತೀರಾ?" ಎಂದು ಅಳತೆ ಕೋಲನ್ನೇ ಎತ್ತಿದೆ.

ಅವರು ಕಣ್ಣು ಕಣ್ಣು ಬಿಟ್ಟರು. "ಎಂಡ್ರಾ? ಯಾರ್ ಎಂಡ್ರು? ಅಯ್ಯೋ ಕಡವುಳೇ, ಎಂಡ್ರು ಅಲ್ಲಪ್ಪಾ, ಎಂಡ, ಎಂಡ!" ಎಂದು ಹೆಬ್ಬೆರಳನ್ನು ಬಾಯಿಗಿಟ್ಟು ಕುಡಿಯುವ ಹಾಗೆ ತೋರಿಸಿದರು. ಆಮೇಲೆ ನಗತೊಡಗಿದರು. ನಾನೂ ನಕ್ಕೆ. ಕೋಲು ಕೈಯಲ್ಲೇ ಇತ್ತು.

ಬಟ್ಟೆ ಒಳಮೈ ಹೊರಮೈ ಎರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದದ್ದು ನನ್ನ ಪುಣ್ಯ. ಒಂದು ತೋಳನ್ನು ಬಿಚ್ಚಿ, ಒಳಗು ಹೊರಗು ಮಾಡಿ ಹೊಲಿದರೆ ಎಡ ಬಲವಾಗುತ್ತದೆ. ಹಾಗೇ ಮಾಡಿಕೊಟ್ಟೆ. ಆ ತೋಳು ಒಂದು ಪಟ್ಟು ಮಂಕಾಗಿ ಕಾಣುತ್ತಿತ್ತು, ಎರಡೂ ತೋಳಿನ ಹೊಲಿಗೆ ಹಾವಿನ ಹಾಗೆ ಓಡಿತ್ತು. ಅವರು ಅದನ್ನೇ ತೊಟ್ಟು ಮಗಳ ಮದುವೆ ಮಾಡಿದರು.

ಭಾನುವಾರ ಬಂತು. ಹೋಗುವುದಿಲ್ಲ ಎಂದುಕೊಂಡೇ ಸ್ಟೇಷನ್ನಿಗೆ ಹೋದೆ, ಸುಮ್ಮನೆ ನೋಡಿಬರೋಣ ಎಂದುಕೊಂಡು ರೈಲು ಹತ್ತಿದೆ. ಊರಿಗಾಂನಲ್ಲಿ ಇಳಿದು ಹೂ ಮಾರುವ ಹೆಂಗಸನ್ನು ಕೇಳಿದೆ. ಈ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆಕೆ ನನ್ನ ಮುಖ ನೋಡಿ, ಕೈ ನೋಡಿ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬಿಳಿ ದಿಬ್ಬದ ಕಡೆ ಬೆರಳು ತೋರಿಸಿ, "ಸೀದಾ ಓಗಣ್ಣಾ, ಲೈನು ಮನೆಗಳು ಮುಗಿಯೋ ತಾವ. ನಮ್ಮನೆಯವ್ರೂ ಅಲ್ಲೇ ಅವ್ರೆ" ಅಂದಳು. ಗಂಡ ಕಲೆಕ್ಟರ್ ಕಚೇರಿಯಲ್ಲಿದ್ದಾನೆ ಅನ್ನುವ ಹಾಗಿತ್ತು ಅವಳ ದನಿ. ಆ ಹೆಮ್ಮೆ ಕಂಡು ಬೇಗಬೇಗ ಹೆಜ್ಜೆ ಹಾಕಿದೆ. ನಡೆಯುತ್ತಿದ್ದವನು ಓಡುತ್ತಿದ್ದೇನೆ ಎಂದು ಗೊತ್ತಾದದ್ದು ಉಸಿರು ಹತ್ತಿದಾಗ.

ಅದು ಹಳೆಯ ಕಾಲದ ಕುದುರೆ ಕೊಟ್ಟಿಗೆ. ಕುದುರೆ ಹೋಗಿ ಎಷ್ಟೋ ವರ್ಷವಾಗಿತ್ತು, ವಾಸನೆ ಇನ್ನೂ ಹೋಗಿರಲಿಲ್ಲ. ಹದಿನೈದು ಹದಿನಾರು ಜನ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ದೊಡ್ಡ ಪಾತ್ರೆಯಲ್ಲಿ ಒಣಶುಂಠಿಯ ಸುಕ್ಕು ಕಾಫಿ ಕುದಿಯುತ್ತಿತ್ತು. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆ ಬಿಲ್ಲೆ.

ಗಣಿಯ ಕಟ್ಟಳೆ ನನಗೆ ಗೊತ್ತಿರಲಿಲ್ಲ. ಕೋಟಿನ ಯಜಮಾನರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಅವರನ್ನು ಎಲ್ಲರೂ ಪೆರಿಯವರು ಅನ್ನುತ್ತಿದ್ದರು, ಅಂದರೆ ಹಿರಿಯರು. ಗಣಿಗೆ ಇಳಿಯುವ ಪ್ರತಿಯೊಬ್ಬನೂ ಒಂದು ಬಿಲ್ಲೆ ತೆಗೆದುಕೊಂಡು ಇಳಿಯುತ್ತಾನೆ, ಮೇಲೆ ಬಂದ ಮೇಲೆ ಅದನ್ನು ಅದರ ಜಾಗಕ್ಕೆ ಹಾಕುತ್ತಾನೆ. ಪಾಳಿ ಮುಗಿದಾಗ ಒಂದು ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಕೆಳಗೇ ಇದ್ದಾನೆ ಅಂತ ಅರ್ಥ. ಅವನನ್ನು ಹುಡುಕಲು ಇಬ್ಬರು ಇಳಿಯಬೇಕು. ಅವನು ಸಿಗುವವರೆಗೆ ಜೊತೆಯವರು ಮನೆಗೆ ಹೋಗುವುದಿಲ್ಲ.

"ನಮ್ಗೆ ವಾರ ಪೂರ್ತಿ ಕೆಳಗೇ ಕಣಪ್ಪಾ. ಎಲ್ ನೋಡಿದ್ರೂ ಎಂಡ. ಬಾನುವಾರ ಇಲ್ಲಿ ಮೇಲ್ ಬರೋದು" ಅಂದರು ಪೆರಿಯವರು. ಒಬ್ಬೊಬ್ಬರೂ ತಮ್ಮದೊಂದು ಹಳೆಯ ಬಿಲ್ಲೆಯನ್ನು ವಾರವೆಲ್ಲ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಭಾನುವಾರ ಬಂದು ಮೊಳೆಗೆ ಹಾಕಿ "ಮೇಲ್ ಬಂದೆ" ಅನ್ನಬೇಕು. ಕುಡಿದಿದ್ದರೆ ಹಾಕುವ ಹಾಗಿಲ್ಲ, ಆದರೆ ಬರಬಹುದು. ಇಷ್ಟೇ ಕಾನೂನು. ಇಂಥ ಕೂಟಗಳು ಬೇರೆ ದೇಶಗಳಲ್ಲೂ ಇವೆ, ಅವಕ್ಕೆ ಪುಸ್ತಕ ನಿಯಮ ಎಲ್ಲ ಇವೆ ಎಂದು ನನಗೆ ತಿಳಿದದ್ದು ಮುದುಕನಾದ ಮೇಲೆ. ನಮ್ಮ ಹತ್ತಿರ ಇದ್ದದ್ದು ಮೊಳೆ.

ಒಬ್ಬೊಬ್ಬರಾಗಿ ಮಾತಾಡಿದರು. ತಮಿಳಿನವರು ತಮಿಳಲ್ಲಿ, ತೆಲುಗಿನವರು ತೆಲುಗಿನಲ್ಲಿ, ನಮ್ಮವರು ಕನ್ನಡದಲ್ಲಿ. ಯಾರೂ ಯಾರಿಗೂ ಅರ್ಥ ಹೇಳಲಿಲ್ಲ, ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಆರಡಿ ಎತ್ತರದ ತೆಲುಗಿನವನೊಬ್ಬ, ಗಣಿಯಲ್ಲಿ ಕಲ್ಲು ತುಂಬುವವನು, ಕುಡಿದು ಬಂದು ಪಕ್ಕದ ಮನೆಯನ್ನು ತನ್ನದೆಂದು ತಿಳಿದು ಅಲ್ಲೇ ಊಟ ಮಾಡಿ ಮಲಗಿದ ಕಥೆ ಹೇಳಿದ. ನನ್ನ ಸರದಿ ಬಂದಾಗ ಎರಡು ಎಡ ತೋಳಿನ ಕಥೆ ಹೇಳಿದೆ. ಪೆರಿಯವರು ಎದ್ದು ನಿಂತು ಬಲಗೈ ತಿರುಚಿ ತೋರಿಸಿದರು. ಕೊಟ್ಟಿಗೆ ಹಂಚು ಹಾರುವ ಹಾಗೆ ನಕ್ಕಿತು. ನಗುನಗುತ್ತಲೇ ನಾನು ಕಿವಿ ಚುಚ್ಚಿಸಿದ ದಿನದ ಸಂಗತಿಯನ್ನೂ ಹೇಳಿಬಿಟ್ಟೆ. ಯಾರಿಗೂ ಹೇಳದಿದ್ದ ಮಾತು ಅದು. ಆಗ ಯಾರೂ ನಗಲಿಲ್ಲ, ಯಾರೂ ಬುದ್ಧಿವಾದವನ್ನೂ ಹೇಳಲಿಲ್ಲ. ತೆಲುಗಿನವನು ತನ್ನ ಲೋಟದ ಕಾಫಿಯನ್ನು ನನ್ನ ಲೋಟಕ್ಕೆ ಸುರಿದ. ನಾನು ಗೊಳೋ ಎಂದು ಅತ್ತೆ.

ವಾಪಸು ಬರುವಾಗ ರೈಲಿನಲ್ಲಿ ಕೂರಲು ಆಗಲಿಲ್ಲ ನನಗೆ. ಅಷ್ಟು ಸಂಭ್ರಮ. ಗುರುತಿಲ್ಲದವರನ್ನೆಲ್ಲ ಮಾತಾಡಿಸಿದೆ. ಒಬ್ಬರ ಅಂಗಿಯ ಕಾಲರು ಚೆನ್ನಾಗಿಲ್ಲ, ನಾನಾದರೆ ಹೀಗೆ ಹೊಲಿಯುತ್ತಿದ್ದೆ ಎಂದು ಬಂಗಾರಪೇಟೆ ಬರುವವರೆಗೆ ಕೊರೆದೆ. ಜಗತ್ತಿನಲ್ಲಿ ನನ್ನಂಥ ಪೆದ್ದರು ಇನ್ನೂ ಹದಿನಾರು ಜನ ಇದ್ದಾರೆ ಅನ್ನುವುದಕ್ಕಿಂತ ಸಂತೋಷದ ಸುದ್ದಿ ನನಗೆ ಅದುವರೆಗೆ ಬಂದಿರಲಿಲ್ಲ.

ಬಿಡುವುದು ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಮೈ ಬೆವರಿ, ವಾಂತಿಯಾಗಿ, ಕಣ್ಣಿಗೆ ಇಲ್ಲದ ಇರುವೆಗಳು ಕಂಡವು. ಎರಡನೇ ವಾರ ಸೋತು ಕುಡಿದೆ, ಭಾನುವಾರ ಹೋಗಿ ತಲೆ ತಗ್ಗಿಸಿ ಕೂತೆ. ತೆಲುಗಿನವನು ಅಂದಿನಿಂದ ಪಾಳಿ ಮುಗಿಸಿ ರೈಲು ಹತ್ತಿ ನನ್ನ ಜಗಲಿಗೆ ಬರತೊಡಗಿದ. ಮಿಷನ್ನಿನ ಆ ಕಡೆ ಕೂತು ಬಟ್ಟೆಯ ಅಂಚು ಹಿಡಿದುಕೊಳ್ಳುತ್ತಿದ್ದ. ಅವನ ಕೈಯಲ್ಲಿ ಜರಿ ಸೀರೆಯ ಅಂಚು ನೋಡಿ ಗಿರಾಕಿಗಳು ಹೆದರುತ್ತಿದ್ದರು.

ನಾಲ್ಕು ಭಾನುವಾರ ಸತತವಾಗಿ ಕುಡಿಯದೆ ಬಂದರೆ ಸ್ವಂತದ ಮೊಳೆ. ನನಗಾಗಿ ಹದಿನೇಳನೇ ಮೊಳೆಯನ್ನು ತೆಲುಗಿನವನೇ ಹೊಡೆದ. ಕಲ್ಲು ಒಡೆಯುವ ಸುತ್ತಿಗೆ ತಂದು ಎರಡು ಮೊಳೆ ಮಡಿಸಿ ಮೂರನೆಯದನ್ನು ಹೇಗೋ ಒಳಗಿಳಿಸಿದ. ನಾನು ಗಣಿಯವನಲ್ಲ, ಬಿಲ್ಲೆ ಎಲ್ಲಿಂದ ಬರಬೇಕು? ಕೋಟಿನ ದೊಡ್ಡ ಹಿತ್ತಾಳೆ ಗುಂಡಿಯೊಂದಕ್ಕೆ ದಾರ ಕಟ್ಟಿ ತಂದಿದ್ದೆ. ಅದನ್ನು ತೂಗುಹಾಕಿ "ಮೇಲ್ ಬಂದೆ" ಅಂದೆ. ಹದಿನಾರು ಜನ ಶಿಳ್ಳೆ ಹೊಡೆದರು.

ಆಮೇಲೆ ಪೆರಿಯವರನ್ನು ಕಾಡಿಬೇಡಿ ಆ ಕೋಟನ್ನು ಇಸಿದುಕೊಂಡೆ. ಎರಡೂ ತೋಳು ಬಿಚ್ಚಿ ಹೊಸದಾಗಿ ಹೊಲಿದುಕೊಡುತ್ತೇನೆ ಅಂದರೆ ಅವರು ಬಲ ತೋಳಿಗೆ ಮಾತ್ರ ಒಪ್ಪಿದರು. "ಎಡದ್ದು ಇರ್ಲಿ ತಂಬಿ, ಗ್ಯಾಪಕಕ್ಕೆ" ಅಂದರು. ಬಲ ತೋಳಿನ ಹೊಲಿಗೆ ಗೆರೆ ಎಳೆದ ಹಾಗೆ ಬಂತು. ನಾನು ಅದನ್ನು ಹತ್ತು ಸಲ ನೋಡಿಕೊಂಡೆ.

ಆ ಹೊಲಿಗೆಯೇ ನನ್ನ ತಲೆ ಕೆಡಿಸಿತು. ಕುಡಿಯದೆ ಹನ್ನೊಂದು ಭಾನುವಾರ ಆಗಿತ್ತು, ಇನ್ನು ಕಾಯುವುದೇಕೆ ಅನ್ನಿಸಿತು. ಮಗಳಿಗೊಂದು ಗೌನು, ಹೆಂಡತಿಗೊಂದು ರವಿಕೆ ಹೊಲಿದೆ. ಕಾಜಾ ಮಾಡಲು ಅವಳೇ ಬೇಕಿತ್ತು, ಹಾಗೇ ಬಿಟ್ಟೆ. ಹನ್ನೆರಡನೇ ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ, ಗಂಟು ಕಂಕುಳಲ್ಲಿಟ್ಟುಕೊಂಡು, ಊರಿಗಾಂ ರೈಲಿಗೆ ಬದಲು ಕಾಮಸಮುದ್ರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಎಂದು ಬಾಯಿಪಾಠ ಮಾಡಿದೆ. ಬೇರೆಯವರು ಬಂದು ಹೇಳಲಿ ಅಂದದ್ದು ನೆನಪಿರಲಿಲ್ಲವೇ? ಇತ್ತು. ನನ್ನ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ ಅಂದುಕೊಂಡೆ.

ಅವಳು ಬಾವಿಯ ಹತ್ತಿರ ಇದ್ದಳು. ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಬಾಗಿಲ ಅಗಣಿ ಬಿದ್ದ ಸದ್ದು ಕೇಳಿಸಿತು.

ನನ್ನ ಸಿಟ್ಟು ಎಂಥದೆಂದು ಬಜಾರಿಗೆಲ್ಲ ಗೊತ್ತು. ಇವಳಿಗೋಸ್ಕರ ಸತ್ತು ಬದುಕಿದೆನಲ್ಲ, ಮುಖ ನೋಡಲೂ ಆಗಲಿಲ್ಲವೇ ಇವಳಿಗೆ? ಕೆರೆ ಏರಿಯ ಮೇಲೆ ಅತ್ತಿಂದಿತ್ತ ಇತ್ತಿಂದತ್ತ ಸುತ್ತಿದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಾಲುಗಳು ತಾವಾಗಿಯೇ ಈಚಲು ತೋಪಿನ ಹೆಂಡದ ಗುಡಿಸಲಿಗೆ ಕರೆದುಕೊಂಡು ಹೋದವು. ಮಡಕೆ ಮುಂದೆ ಬಂತು, ನೊರೆ ಉಕ್ಕುತ್ತಿತ್ತು. ಕಾಸು ಕೊಡೋಣವೆಂದು ಜೇಬಿಗೆ ಕೈ ಹಾಕಿದೆ. ಬೆರಳಿಗೆ ಗುಂಡಿ ಸಿಕ್ಕಿತು.

ಗುಂಡಿಯನ್ನು ಹಿಡಿದುಕೊಂಡೇ ಕೂತೆ. ಕುಡಿಯಲೂ ಇಲ್ಲ, ಏಳಲೂ ಇಲ್ಲ. ಇನ್ನು ಕಾಲು ಗಂಟೆ ಬಿಟ್ಟಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ನೊರೆ ಇಳಿದು ಹೆಂಡ ತಿಳಿಯಾಗುತ್ತಾ ಬಂತು.

ಇತ್ತ ಊರಿಗಾಂನಲ್ಲಿ ಬೆಳಿಗ್ಗೆ ಹದಿನೇಳನೇ ಮೊಳೆ ಖಾಲಿ ಇದ್ದದ್ದನ್ನು ನೋಡಿದ್ದರು. ಪೆರಿಯವರು ಭಾನುವಾರವೆಂದು ಆ ಕೋಟು ತೊಟ್ಟು ಬಂದಿದ್ದರು. ತೆಲುಗಿನವನು ಪಾಳಿ ಮುಗಿಸಿ ಗಣಿಯ ಗಟ್ಟಿ ಟೋಪಿಯಲ್ಲೇ ಬಂದಿದ್ದ. ಇಬ್ಬರೂ ಹಾಗೇ ಹೊರಟರು. ಬಂಗಾರಪೇಟೆಯ ಹೆಂಡದಂಗಡಿಗಳಲ್ಲೆಲ್ಲ ಹುಡುಕಿ, ನಾನು ಕಾಮಸಮುದ್ರದ ಬಸ್ಸು ಹತ್ತಿದ್ದನ್ನು ಕಂಡಿದ್ದ ಜವಳಿ ಅಂಗಡಿಯವರಿಂದ ಸುದ್ದಿ ತಿಳಿದು ಮುಂದಿನ ಬಸ್ಸಿನಲ್ಲಿ ಬಂದಿಳಿದರು. ಅವರಿಗೆ ನನ್ನ ಮಾವನ ಮನೆ ಗೊತ್ತಿಲ್ಲ, ಮಾವನ ಹೆಸರೂ ಗೊತ್ತಿಲ್ಲ. ತೆಲುಗಿನವನು ಬಸ್ಸು ನಿಲ್ಲುವ ಕಡೆ ನಿಂತು, "ಬಂಗಾರಪೇಟೆ ಟೈಲರು, ಎಂಡ ಬಿಟ್ಟೋಡು, ಯಾಡಿದ್ದಾನೆ?" ಎಂದು ಕೂಗಿದನಂತೆ.

"ಎಂಡ್ರು ಬಿಟ್ಟೋನಾ?" ಅಂದರಂತೆ ಊರಿನವರು. "ಅವನೆಲ್ಲವನೋ ಕಾಣೆವು. ಅವನ ಎಂಡ್ರು ಆ ಬೀದೀಲವಳೆ ನೋಡಿ."

ಹೀಗೆ ನನ್ನ ಕಿವಿ ಮಾಡಿದ್ದ ತಪ್ಪನ್ನೇ ಒಂದು ಊರಿನ ಕಿವಿಯೂ ಮಾಡಿ, ಅವರಿಬ್ಬರನ್ನು ನೇರ ಅವಳ ಬಾಗಿಲಿಗೆ ಕಳಿಸಿತು. ಅಲ್ಲಿ ನಡೆದದ್ದನ್ನು ಪೆರಿಯವರು ಆಮೇಲೆ ನನಗೆ ಹೇಳಿದರು. ಅವಳು ಮೊದಲು ಇವರೂ ನನ್ನ ಜೊತೆ ಕುಡಿಯುವವರು ಅಂದುಕೊಂಡಳಂತೆ. ಪೆರಿಯವರು ವಾದ ಮಾಡಲಿಲ್ಲ, ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟರು.

"ನೋಡಮ್ಮಾ. ಈ ಎಡದ್ದು ಕುಡಿದು ಒಲಿದಿದ್ದು. ಈ ಬಲದ್ದು ಬಿಟ್ಟ ಮ್ಯಾಲೆ ಒಲಿದಿದ್ದು. ಅನ್ನೊಂದು ವಾರ ಆಯ್ತು."

ನನ್ನ ಹೊಲಿಗೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎರಡೂ ತೋಳುಗಳ ಮೇಲೆ ಬೆರಳಾಡಿಸಿ ನೋಡಿದಳಂತೆ. ಮಗುವನ್ನೆತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಅವರಿಗಿಂತ ಮುಂದೆ ಹೊರಟಳಂತೆ. ಸಿಟ್ಟು ಬಂದರೆ ನಾನು ಎಲ್ಲಿ ಸಿಗುತ್ತೇನೆಂದು ಅವಳಿಗೆ ಗೊತ್ತಿತ್ತು.

"ಏಮಿ ತಮ್ಮುಡೂ, ಇಕ್ಕಡುನ್ನಾವಾ?" ಅನ್ನುವ ಗುಡುಗು ಕೇಳಿ ನಾನು ತಲೆಯೆತ್ತಿದೆ. ತೆಲುಗಿನವನ ಟೋಪಿ, ಅಂಗಿಯಲ್ಲಿ ಬೆವರುತ್ತಿದ್ದ ಪೆರಿಯವರು, ಅವರ ಮುಂದೆ ಅವಳು. ಕೋಟು ಅವಳ ತೋಳಿನ ಮೇಲಿತ್ತು. ನೇರ ನನ್ನ ಹತ್ತಿರ ಬಂದು ಮಡಕೆಯನ್ನು ನೋಡಿದಳು. ಹಿಂದೆ ನಾನು ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಲ್ಲಿಸಿ ಹೇಳುತ್ತಿದ್ದ ಮಾತನ್ನೇ ಹೇಳಿದಳು.

"ಎಲ್ಲಿ, ಊದು."

ಅವಳ ಮುಖದ ಮೇಲೆ ಊದಿದೆ. ಅವಳು ಕಣ್ಣು ಮುಚ್ಚಿ ನಿಂತಳು. ಅಷ್ಟು ಹೊತ್ತು ನಿಂತದ್ದು ನೋಡಿ ನನಗೇ ಅನುಮಾನ ಬಂತು, ಕುಡಿದುಬಿಟ್ಟಿದ್ದೇನೆಯೇ ಎಂದು.

"ಬ್ಯಾರೆಯವ್ರು ಬಂದು ಏಳವ್ರೆ. ನಡಿ" ಅಂದಳು.

ನಾನು ಮನೆಯ ಕಡೆ ಹೊರಟರೆ ಪೆರಿಯವರು ತಡೆದರು. ಮೊದಲು ಮೊಳೆ, ಆಮೇಲೆ ಮನೆ ಅಂದರು. ಬಸ್ಸು ಹತ್ತಿ, ರೈಲು ಹತ್ತಿ, ನಾವು ಐದೂ ಜನ ಊರಿಗಾಂನಲ್ಲಿ ಇಳಿದಾಗ ಬಿಳಿ ದಿಬ್ಬದ ಮೇಲೆ ಸಂಜೆ ಬಿಸಿಲಿತ್ತು. ಮಗಳು ತೆಲುಗಿನವನ ಹೆಗಲ ಮೇಲೆ, ಅವನ ಟೋಪಿ ಅವಳ ತಲೆಯ ಮೇಲೆ. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತುಬಿಟ್ಟೆ. ಬೆಳಿಗ್ಗೆ ಬಂದಿದ್ದ ಹದಿನಾಲ್ಕು ಜನ ಹಾಗೇ ಗೋಣಿಚೀಲದ ಮೇಲೆ ಕೂತಿದ್ದರು. ಒಬ್ಬರೂ ಊಟಕ್ಕೆ ಹೋಗಿರಲಿಲ್ಲ. ಒಂದು ಮೊಳೆ ಖಾಲಿ ಇತ್ತು ನೋಡಿ.

ಜೇಬಿನಿಂದ ಗುಂಡಿ ತೆಗೆದೆ. ಹೆಂಡತಿ ಕೈ ಚಾಚಿದಳು. ಸಾವಿರ ಗುಂಡಿ ಹಾಕಿದ್ದ ಕೈ ಅದು, ಇದೊಂದನ್ನೂ ಮೊಳೆಗೆ ಹಾಕಿತು. ಇಲ್ಲಿ ಏನನ್ನಬೇಕು ಎಂದು ರೈಲಿನಲ್ಲಿ ಪೆರಿಯವರನ್ನು ಕೇಳಿ ತಿಳಿದುಕೊಂಡಿದ್ದಳು. ನಾವೆಲ್ಲ 'ಮೇಲ್ ಬಂದೆ' ಅನ್ನುವ ಕಡೆ ಅವಳು ಹಲಗೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಮೇಲ್ ಬಂದ" ಅಂದಳು.

ಆಗ ಹದಿನಾಲ್ಕು ಜನವೂ ಎದ್ದು, ಟವೆಲು ಕೊಡವಿಕೊಂಡು ಮನೆಗೆ ಹೊರಟರು.